ಅಪೊಲಿನ್‌ಬಾಯಿಯ ನಾಲ್ಕನೆಯ ಮೂಲೆ

ಅತ್ತಿಕೊಪ್ಪದ ಸಿದ್ದಿಕೇರಿಯ ಅಪೊಲಿನ್‌ಬಾಯಿ ತನ್ನ ಮೊಮ್ಮಗಳು ಹುಟ್ಟುವ ತನಕ ಒಂದೇ ಒಂದು ಕವಂದಿಯನ್ನೂ, ಎಂದರೆ ಚಿಂದಿಯ ಕೌದಿಯನ್ನೂ, ಹೊಲಿದವಳಲ್ಲ. ಆದರೂ ಆ ಕೇರಿಯ ಬೇಲಿಗಳ ಮೇಲೆ ಬಿಸಿಲು ಕಾಯುತ್ತಿದ್ದ ಕವಂದಿಗಳಲ್ಲಿ ಯಾವುದನ್ನೇ ತೋರಿಸಿ ಕೇಳಿ, ಅದು ಅವಳದೇ. ಬೇರೆ ಯಾರನ್ನೂ ಕೇಳಬಾರದು, ಅವಳನ್ನೇ ಕೇಳಬೇಕು, ಅಷ್ಟೇ.

ಹೊಲಿಯುವವರು ಬೇರೆ ಇದ್ದರು. ಹಳೆಯ ಸೀರೆಯೊಂದನ್ನು ಕೆಳಗೆ ಹಾಸಿ, ಮನೆಮಂದಿಯ ಸವೆದ ಅಂಗಿ, ಲಂಗ, ಲುಂಗಿಗಳ ತುಂಡುಗಳನ್ನು ಅಂಚಿನಿಂದ ಒಂದರ ಮೇಲೊಂದು ಕೂರಿಸುತ್ತ, ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ಬಂದು, ನಡುವನ್ನು ಮುಚ್ಚುವ ಹೊತ್ತಿಗೆ ಒಂದು ಮಳೆಗಾಲ ಮುಗಿದಿರುತ್ತಿತ್ತು. ಹೊಲಿದವಳ ಸೊಂಟ ಹಿಡಿದಿರುತ್ತಿತ್ತು, ಬೆರಳುಗಳು ತೂತು ಬಿದ್ದಿರುತ್ತಿದ್ದವು. ಆಗ ಅಪೊಲಿನ್‌ಬಾಯಿಗೆ ಕರೆ ಹೋಗುತ್ತಿತ್ತು. ಅವಳು ಮಿಂದು, ಎಣ್ಣೆ ಹಚ್ಚಿ ತಲೆ ಬಾಚಿ, ಸೊಂಟದ ಸಂಚಿಯಲ್ಲಿ ಬಣ್ಣದ ಚಿಂದಿಗಳನ್ನು ತುಂಬಿಕೊಂಡು, ಮದುವೆಗೆ ಹೊರಟವಳ ಹಾಗೆ ಬರುತ್ತಿದ್ದಳು. ಬಂದು ನಾಲ್ಕು ಮೂಲೆಗೆ ನಾಲ್ಕು ಫೂಲಾ ಹಾಕಿ ಹೋಗುತ್ತಿದ್ದಳು.

ಫೂಲಾ ಎಂದರೆ ಬಣ್ಣದ ತುಂಡುಗಳನ್ನು ಮೂರು ಮೂಲೆಯಾಗಿ ಮಡಚಿ, ಒಂದರೊಳಗೊಂದು ಎಸಳಿನ ಹಾಗೆ ಇಟ್ಟು, ಕವಂದಿಯ ತುದಿಗೆ ಹೊಲಿಯುವ ಹೂವು. ಅದರಿಂದ ಚಳಿ ಹೋಗುವುದಿಲ್ಲ, ಸೊಳ್ಳೆ ತಪ್ಪುವುದಿಲ್ಲ, ಸೋರುವ ಹಂಚಿಗೂ ಅದು ಪರಿಹಾರವಲ್ಲ. ಆದರೆ ಫೂಲಾ ಇಲ್ಲದ ಕವಂದಿ ಸಿದ್ದಿಗಳ ಕಣ್ಣಿಗೆ ಬೆತ್ತಲೆ. ಅಂಥದ್ದನ್ನು ಯಾರೂ ಹೊದೆಯುವುದಿಲ್ಲ, ಮಗುವಿಗಂತೂ ಹೊದಿಸುವುದೇ ಇಲ್ಲ. ಆ ಕೇರಿಯಲ್ಲಿ ಅಪೊಲಿನ್‌ಬಾಯಿಯ ಹಾಗೆ ಫೂಲಾ ಮಡಚುವ ಕೈ ಇನ್ನೊಂದು ಇರಲಿಲ್ಲ. ಅವಳ ಎಸಳು ಚಾಕುವಿನ ಅಲಗಿನ ಹಾಗೆ ನಿಲ್ಲುತ್ತಿತ್ತು. ಇದು ಅವಳ ಪುಣ್ಯವೋ, ಕೇರಿಯ ಕರ್ಮವೋ, ಹೇಳುವುದು ಕಷ್ಟ.

ತಪ್ಪು ಅವಳ ತಾಯಿಯದು. ಹೊಲಿಯಲು ಕೂತಾಗ ಹಟ ಮಾಡುತ್ತಿದ್ದ ಹುಡುಗಿಯ ಬಾಯಿ ಮುಚ್ಚಿಸಲು ಆಕೆ ಒಂದು ಚಿಂದಿ ಕೊಟ್ಟು ಮೂಲೆಯಲ್ಲಿ ಕೂರಿಸಿದಳು. ಹುಡುಗಿ ಮಡಚಿದಳು, ಅದು ಚೆಂದ ಬಂತು, ಇಡೀ ಕೇರಿ ಹೊಗಳಿತು. ಹೊಗಳಿಕೆ ಮಕ್ಕಳಿಗೆ ಬೆಲ್ಲವಿದ್ದಂತೆ. ಅಪೊಲಿನ್‌ಗೆ ಹಲ್ಲು ಅಲ್ಲಾಡುವ ವಯಸ್ಸು ಬಂದರೂ ಅದರ ರುಚಿ ಬಿಡಲಿಲ್ಲ. ಮೂಲೆಯಿಂದ ಒಳಗೆ ಹೊಲಿಯಲು ಅವಳು ಕಲಿಯಲೇ ಇಲ್ಲ. ಯಾರಾದರೂ ಕೇಳಿದರೆ, “ಹೊಟ್ಟಿ ಹೊಲಿಯಾಕ ಊರಾಗ ಮಂದಿ ಅದಾರಲ್ಲ, ಅದಕ್ಕ ನಾ ಯಾಕ?” ಎನ್ನುತ್ತಿದ್ದಳು. ಕವಂದಿಯಲ್ಲಿ ಮೂಲೆ ಬಿಟ್ಟು ಉಳಿದದ್ದೆಲ್ಲ ಅವಳಿಗೆ ಬರಿ ಹೊಟ್ಟೆ.

ಫೂಲಾಕ್ಕೆ ಬೇಕಾದ ಬಣ್ಣವನ್ನು ಕೂಡಿಸುವುದರಲ್ಲಿ ಅವಳಿಗೆ ತನ್ನದು, ಪರರದು ಎಂಬ ಭೇದವಿರಲಿಲ್ಲ. ಅಷ್ಟು ವಿಶಾಲವಾದ ಮನಸ್ಸು. ಗಂಡ ಬೊಸ್ತ್ಯಾಂವನ ಲುಂಗಿಗಳೆಲ್ಲ ವರ್ಷದಿಂದ ವರ್ಷಕ್ಕೆ ಮೊಣಕಾಲಿನ ಕಡೆ ಏರುತ್ತಿದ್ದವು. ಆತ ಕಾಡಿನಲ್ಲಿ ಜೇನು ತೆಗೆಯುವವನು. ಹುಳು ಕಚ್ಚಿದರೂ ಮಾತಾಡದವನು ಹೆಂಡತಿಯ ಕತ್ತರಿಗೆ ಏನು ಹೇಳಿಯಾನು? ಎಲೆಕ್ಷನ್ ಬಂತೆಂದರೆ ಅವಳಿಗೆ ಸುಗ್ಗಿ. ಕಂಬಕ್ಕೆ ಕಟ್ಟಿದ ಬಾವುಟಗಳು ಮತ ಎಣಿಸುವ ಮುಂಚೆಯೇ ಮಾಯವಾಗುತ್ತಿದ್ದವು. ಊರಲ್ಲಿ ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳೆಲ್ಲ ಒಂದೇ ಕವಂದಿಯ ನಾಲ್ಕು ಮೂಲೆಯಲ್ಲಿ ಸುಖವಾಗಿ ಮಲಗಿರುತ್ತಿದ್ದವು. ಒಮ್ಮೆ ಇಗರ್ಜಿಯ ಪಾಪನಿವೇದನೆ ಗೂಡಿನ ಕೆಂಪು ಪರದೆ ಒಂದು ಗೇಣು ಗಿಡ್ಡವಾಯಿತು. ಮುಂದಿನ ಭಾನುವಾರ ಆಕೆ ಅದೇ ಪರದೆಯ ಹಿಂದೆ ಮಂಡಿಯೂರಿ ಆ ಪಾಪವನ್ನು ಹೇಳಿಕೊಂಡಳು. ಪಾದ್ರಿಗಳು ಕ್ಷಮಿಸಿದರು. ಪರದೆಯನ್ನು ವಾಪಸು ಕೊಡು ಎಂದು ಮಾತ್ರ ಅವರು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ.

ಇನ್ನು ಅವಳ ಮನೆಯ ಕವಂದಿ. ತಾಯಿ ಹೊಲಿದುಕೊಟ್ಟಿದ್ದು ಅದೊಂದೇ. ನಡುವೆಲ್ಲ ಹರಿದು, ಹೊದ್ದುಕೊಂಡರೆ ಒಳಗಿನಿಂದ ಜಂತಿ ಎಣಿಸಬಹುದಿತ್ತು. ಆದರೆ ಮೂಲೆಗಳು! ಪ್ರತಿ ವರ್ಷ ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ, ಹೊಸ ಫೂಲಾ. ಬೊಸ್ತ್ಯಾಂವ ಚಳಿಗಾಲದ ರಾತ್ರಿಗಳಲ್ಲಿ ಆ ನಾಲ್ಕು ಹೂವುಗಳನ್ನು ಎದೆಗೆ ಎಳೆದುಕೊಂಡು ನಡುಗುತ್ತಿದ್ದ.

ಯಾರದಾದರೂ ಮನೆಯಲ್ಲಿ ಫೂಲಾ ಹಾಕಲು ಕೂತಳೆಂದರೆ ಮೊದಲು ಕವಂದಿಯನ್ನು ಉದ್ದಕ್ಕೂ ಬಿಡಿಸಿ, ಸುತ್ತ ನಡೆದು, ಬಗ್ಗಿ ನೋಡಿ ಮೂಗು ಮುರಿಯುತ್ತಿದ್ದಳು.

“ಇದ್ಯಾರ ಹೊಲಿಗಿ? ಎಮ್ಮಿ ನಡದ ದಾರಿ ಇದ್ದಂಗೈತಿ.”

“ನಂದ ಅದು,” ಎನ್ನುತ್ತಿದ್ದಳು ಮೊನಿಕಾ. ಹೆಚ್ಚಾಗಿ ಅದು ಅವಳದೇ ಇರುತ್ತಿತ್ತು. ಮೊನಿಕಾ ಬೊಸ್ತ್ಯಾಂವನ ಅಣ್ಣನ ಹೆಂಡತಿ, ಪಕ್ಕದ ಮನೆಯವಳು. ಕೇರಿಯ ಅರ್ಧ ಕವಂದಿಗಳ ಹೊಟ್ಟೆ ಅವಳ ಕೈಯದು.

“ಇರ್ಲಿ ಬಿಡು ಮೋನಕ್ಕಾ, ನನ್ನ ಫೂಲಾ ಬಿದ್ದಮ್ಯಾಲ ಇದರ ಕಡೆ ಯಾರ ನೋಡ್ತಾರ?”

ಮೊನಿಕಾ ನಕ್ಕು ಚಾ ಇಡಲು ಹೋಗುತ್ತಿದ್ದಳು. ಆ ನಗು ಒಳಗೆ ಎಲ್ಲಿ ಹೋಗಿ ಕೂಡುತ್ತಿದೆ ಎಂದು ಅಪೊಲಿನ್‌ಬಾಯಿ ಯೋಚಿಸಿದವಳಲ್ಲ. ಅವಳ ಕಣ್ಣು ಒಲೆಯ ಮೇಲಿನ ಕೋಳಿಯ ಕಡೆ ಇರುತ್ತಿತ್ತು. ಫೂಲಾ ಹಾಕಿದವಳಿಗೆ ಕೋಳಿಯ ತೊಡೆ ಬಡಿಸುವುದು ಆ ಕೇರಿಯ ವಾಡಿಕೆ. ವಾಡಿಕೆ ಶುರುವಾದದ್ದು ಯಾರಿಂದ ಎಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲ ಕೆಟ್ಟದ್ದು ಆ ಕೋಳಿಯಿಂದಲೇ. ಮೊನಿಕಾಳ ಮಗ ಇನಾಸನ ಮದುವೆಗೆ ಕವಂದಿ ತಯಾರಾಗಿತ್ತು. ಅಂಗಳದಲ್ಲಿ ಡಮ್ಮಾಮಿ ಬಾರಿಸುವವರು, ಮುಂಡಗೋಡ ಕಡೆಯ ನೆಂಟರು, ಬೀಗರು, ಗದ್ದಲವೋ ಗದ್ದಲ. ಆ ಗಡಿಬಿಡಿಯಲ್ಲಿ ಮೊನಿಕಾಳ ಸೌಟು ಅಪೊಲಿನ್‌ಬಾಯಿಯ ತಾಟಿಗೆ ಕೋಳಿಯ ಕುತ್ತಿಗೆ ಹಾಕಿಬಿಟ್ಟಿತು. ತೊಡೆ ಹೋಗಿ ಬಿದ್ದದ್ದು ಡಮ್ಮಾಮಿಯವನ ತಾಟಿಗೆ.

ಅಪೊಲಿನ್‌ಬಾಯಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಕೇರಿಯವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಆ ದಿನ ಯಾರ ಲಕ್ಷ್ಯವೂ ಇರಲಿಲ್ಲ. ಆಕೆ ಕುತ್ತಿಗೆಯನ್ನು ಶಾಸ್ತ್ರೋಕ್ತವಾಗಿ ಚೀಪಿ ಮುಗಿಸಿ, ಕೈ ತೊಳೆದು ಕೂತು, ಮೂರು ಮೂಲೆಗೆ ಮೂರು ಫೂಲಾ ಹೊಲಿದಳು. ಅಂಥ ಫೂಲಾ ಅವಳೂ ಅದುವರೆಗೆ ಹಾಕಿರಲಿಲ್ಲ. ಮದುಮಗಳ ಸೀರೆಯ ಹಸಿರು, ಅದರೊಳಗೆ ಹಳದಿ, ಅದರೊಳಗೆ ಆ ಪರದೆಯ ಕೆಂಪು. ನಾಲ್ಕನೆಯದನ್ನೂ ಮಡಚಿದಳು. ಮಡಚಿ ಸಂಚಿಯೊಳಗೆ ಇಟ್ಟುಕೊಂಡು ಎದ್ದಳು.

“ಯಾಕ ಅಪೊಲಿನ್, ಇನ್ನೊಂದು ಉಳೀತಲ್ಲ?” ಮೊನಿಕಾ ಓಡಿ ಬಂದಳು.

“ಕಣ್ಣು ಮಂಜ ಮಂಜ ಆಗಾಕತ್ತಾವ ಅಕ್ಕಾ. ಕುತ್ತಿಗಿ ತಿಂದ್ರ ನಂಗ ಹಂಗ ಆಗ್ತೈತಿ.”

ಬೀಗಿತಿ ಕವಂದಿಯನ್ನು ಬಿಡಿಸಿ ಬೆತ್ತಲೆ ಮೂಲೆಯನ್ನು ಎತ್ತಿ ಹಿಡಿದು, “ಈ ಮೂಲಿ ಯಾರ ಪಾಲಿಂದು?” ಎಂದು ಎಲ್ಲರೆದುರು ಕೇಳಿದಳು. ಮೊನಿಕಾ ಅಡಿಗೆಮನೆಗೆ ಹೋಗಿ, ತನ್ನ ಕುಪ್ಪಸದ ತೋಳನ್ನೇ ಹರಿದು, ಅಳುತ್ತ ಒಂದು ಫೂಲಾ ಮಾಡಿ ಹೊಲಿದಳು. ಅದು ಸೊಟ್ಟಗೆ, ಸಡಿಲವಾಗಿ, ಜೋತುಬಿದ್ದಿತ್ತು. ಮರುದಿನ ಬೇಲಿಯ ಮೇಲೆ ಅದನ್ನು ಕಂಡ ಅಪೊಲಿನ್‌ಬಾಯಿ ಬಾವಿಕಟ್ಟೆಯಲ್ಲಿ ಹೇಳಿದಳು: “ಅದೇನ ಫೂಲಾ ಏನ? ನಾಯಿ ಕಿವಿ!” ಮಾತು ಕೇರಿಯ ತುಂಬ ಹರಡಿತು. ಅಂದಿನಿಂದ ಇಬ್ಬರು ನೆಗೆಣ್ಣಿಯರ ನಡುವೆ ಬೇಲಿ ದಾಟಿದ ಕೋಳಿಗಳ ಬಗ್ಗೆ ಬಿಟ್ಟು ಬೇರೆ ಮಾತಿರಲಿಲ್ಲ.

ಹೀಗಿರುವಾಗ ಅಪೊಲಿನ್‌ಬಾಯಿಯ ಒಬ್ಬಳೇ ಮಗಳು ಲೊರೆತ್ತಾ ಹೆರಿಗೆಗೆ ಬಂದಳು. ಚೊಚ್ಚಲು. ಹೆಣ್ಣುಮಗು ಹುಟ್ಟಿತು. ಇಗರ್ಜಿಯಲ್ಲಿ ಹೆಸರಿಡುವ ಜ್ಞಾನಸ್ನಾನದ ದಿನ ಗಂಡನ ಕಡೆಯವರು ಬಂದು ತಾಯಿ ಮಗುವನ್ನು ಕರೆದೊಯ್ಯುತ್ತಾರೆ. ಹೋಗುವಾಗ ಮಗು ಅಜ್ಜಿಯ ಮನೆಯ ಕವಂದಿಯಲ್ಲೇ ಹೋಗಬೇಕು. ಸಣ್ಣದಾದರೂ ಸರಿ, ಅದು ಅಜ್ಜಿ ಕೊಟ್ಟದ್ದಾಗಬೇಕು. ಇಲ್ಲದಿದ್ದರೆ ಮಗಳು ಆ ಮನೆಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ.

ಅಪೊಲಿನ್‌ಬಾಯಿಗೆ ಇದರಲ್ಲಿ ಚಿಂತೆಯೇನೂ ಕಾಣಲಿಲ್ಲ. ಬೇಲಿಯ ಹತ್ತಿರ ಹೋಗಿ ನಿಂತಳು.

“ಮೋನಕ್ಕಾ, ಕೂಸಿಗೆ ಒಂದ ಸಣ್ಣ ಹೊಟ್ಟಿ ಹೊಲಿದು ಕೊಡ. ಮೂಲಿ ನಾ ನೋಡ್ಕೋತೀನಿ.”

ಮೊನಿಕಾ ಅಕ್ಕಿ ಕೇರುತ್ತಿದ್ದಳು. ಮೊರ ನಿಲ್ಲಲಿಲ್ಲ. “ಕೊಡ್ತೀನಿ ಅಪೊಲಿನ್. ಮೂರು ಕಡೆ ಹೊಲಿದು ಕೊಡ್ತೀನಿ. ಒಂದ ಕಡೆ ತೆರದ ಇರ್ಲಿ, ನಂಗೂ ಕಣ್ಣು ಮಂಜ.”

ಅಪೊಲಿನ್‌ಬಾಯಿ ಕೇರಿಯ ಉಳಿದ ಮನೆಗಳಿಗೂ ಹೋದಳು. ಅಂದು ಕೇರಿಯ ಎಲ್ಲ ಹೆಂಗಸರಿಗೂ ಒಮ್ಮೆಗೇ ಕಣ್ಣು ಮಂಜಾಗಿತ್ತು. ಒಬ್ಬಳು ಸೂಜಿ ಕಳೆದಿದೆ ಎಂದಳು, ಇನ್ನೊಬ್ಬಳು, “ನಮ್ಮ ಹೊಲಿಗಿ ಎಮ್ಮಿ ದಾರಿ ಅಲ್ಲೇನ ಬಾಯಿ, ಕೂಸಿಗೆ ಚುಚ್ಚೀತು,” ಎಂದು ಬಹಳ ಕಾಳಜಿಯಿಂದ ಹೇಳಿದಳು.

“ಬರಾಂಗಿಲ್ಲಂದ್ರ ಬಿಡ್ರಿ,” ಎಂದಳು ಅಪೊಲಿನ್‌ಬಾಯಿ. “ಹೊಟ್ಟಿ ಹೊಲಿಯೂದು ಅಂದ್ರೇನ ದೊಡ್ಡ ವಿದ್ಯೆ ಏನ? ನಾನ ಹೊಲೀತೀನಿ.”

ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಸೀರೆಯ ತುಂಡನ್ನು ಹಾಸಿದಳು. ಹಾಸಿ, ಮೊದಲು ಏನು ಮಾಡಿದಳು ಅಂತೀರಿ? ನಾಲ್ಕು ಮೂಲೆಗೂ ಫೂಲಾ ಹಾಕಿದಳು. ಗೋಡೆ ಏಳುವ ಮೊದಲು ಬಾಗಿಲಿಗೆ ತೋರಣ ಕಟ್ಟಿದಂತೆ. ನಾಲ್ಕು ಹೂವು ಬಿದ್ದ ಬರಿ ಬಟ್ಟೆಯನ್ನು ನೋಡಿ ಅವಳಿಗೆ ಅರ್ಧ ಕೆಲಸ ಮುಗಿದಷ್ಟು ಸಂತೋಷವಾಯಿತು.

“ಯವ್ವಾ, ಇನ್ನ ಅಂಚು ಹೆಂಗ ಮಡಚತಿ?” ಬಾಣಂತಿ ಲೊರೆತ್ತಾ ಮಲಗಿದಲ್ಲಿಂದಲೇ ಕೇಳಿದಳು. “ಮೂಲಿ ಮುಚ್ಚಿ ಹೋತಲ್ಲ.”

“ನೀ ಕೂಸಿಗೆ ಹಾಲು ಕುಡಸು. ನಂಗ ಹೇಳಾಕ ಬರಬ್ಯಾಡ.”

ಅಂಚು ಮಡಚಲು ಬರಲಿಲ್ಲ. ಫೂಲಾ ಮಧ್ಯೆ ಬಂದು ಬಟ್ಟೆ ಸುಕ್ಕಾಗಿ ಎದ್ದು ನಿಂತಿತು. ಎರಡು ದಿನ ಅದರೊಂದಿಗೆ ಕುಸ್ತಿ ಹಿಡಿದು, ಕೊನೆಗೆ ತನ್ನ ನಾಲ್ಕು ಹೂವುಗಳನ್ನೂ ತಾನೇ ಕಿತ್ತು ಹಾಕಿದಳು. ಬೊಸ್ತ್ಯಾಂವ ಬಾಗಿಲ ಸಂದಿಯಿಂದ ಇಣುಕಿ ನೋಡಿ ಹೊರಗೆ ಹೋಗಿ ಕೂತ. ಅಷ್ಟು ವರ್ಷದಲ್ಲಿ ಹೆಂಡತಿ ತಾನು ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದ್ದನ್ನು ಅವನು ನೋಡಿದ್ದು ಅದೇ ಮೊದಲು.

ಆಮೇಲೆ ಹೊಟ್ಟೆ. ಒಂದು ಸಾಲು ಹೊಲಿದರೆ ತುಂಡು ಜಾರುತ್ತಿತ್ತು. ಬಿಚ್ಚಿ ಹೊಲಿದರೆ ದಾರ ಗಂಟಾಗುತ್ತಿತ್ತು. ಸುತ್ತು ಮುಗಿಸಿ ಬರುವಷ್ಟರಲ್ಲಿ ಒಂದು ಅಂಚು ಇನ್ನೊಂದಕ್ಕಿಂತ ಉದ್ದವಾಗಿ, ಕವಂದಿ ಒಂದು ಕಡೆಗೆ ಕುಂಟುತ್ತಿತ್ತು. ಎಮ್ಮೆ ನಡೆದ ದಾರಿಯಾದರೂ ಒಂದೇ ಕಡೆ ಹೋಗುತ್ತದೆ, ಇವಳದು ಕುಡಿದ ಎಮ್ಮೆಯದು. ಮೊನಿಕಾಳ ಹೊಲಿಗೆ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಆದರೆ ಇಷ್ಟು ವರ್ಷ ಅದರ ಮೇಲೆ ಕೂತು ಎದ್ದವಳು ಒಮ್ಮೆಯೂ ಅದನ್ನು ನೋಡಿರಲಿಲ್ಲ. ಅದು ಗೊತ್ತಾದಾಗ ಅವಳಿಗೆ ನಾಚಿಕೆಯಾಯಿತು. ಯಾರಿಗೂ ಹೇಳಲಿಲ್ಲ, ಆದರೆ ಆಗಿದ್ದು ನಾಚಿಕೆಯೇ.

ಬಟ್ಟೆ ಸಾಲದಾದಾಗ ಕಿತ್ತ ಫೂಲಾಗಳನ್ನು ಬಿಡಿಸಿ ಹೊಟ್ಟೆಗೆ ಹಾಕಿದಳು. ಸಂಚಿ ಖಾಲಿಯಾಯಿತು. ಜ್ಞಾನಸ್ನಾನದ ಹಿಂದಿನ ದಿನ ಬೆಳಿಗ್ಗೆ ನಡು ಮುಚ್ಚಿತು. ದಪ್ಪ ಪದರಗಳಲ್ಲಿ ಸೂಜಿ ತಳ್ಳಿ ತಳ್ಳಿ ಅವಳ ಬಲಗೈ ಹೆಬ್ಬೆರಳು ಕೀವು ತುಂಬಿ ಬದನೆಕಾಯಿಯ ಹಾಗೆ ಊದಿಕೊಂಡಿತ್ತು. ಬೊಸ್ತ್ಯಾಂವನ ಹೊಸ ಲುಂಗಿಯಿಂದ ತುಂಡು ಹರಿದು ಫೂಲಾ ಮಡಚಲು ಕೂತಳು. ಬೆರಳು ಮಡಚಲಿಲ್ಲ. ಎಡಗೈಯಿಂದ ನೋಡಿದಳು. ಆಗಲಿಲ್ಲ.

“ಲೊರೆತ್ತಾ, ನೀ ಒಂದೀಟು ಮಡಚಿ ಕೊಡ.”

“ನಂಗೆಲ್ಲಿ ಬರ್ತೈತಿ ಯವ್ವಾ? ಸಣ್ಣಾಕಿದ್ದಾಗ ಮುಟ್ಟಾಕ ಬಂದ್ರ ಕೈ ಮ್ಯಾಲ ಹೊಡದಿ. ನಿನ್ನ ಕೈ ಒರಟು, ಫೂಲಾ ಕೆಡ್ತೈತಿ ಅಂದಿ.”

ಅಪೊಲಿನ್‌ಬಾಯಿ ಲುಂಗಿಯ ತುಂಡನ್ನು ಕೆಳಗಿಟ್ಟಳು. ಎದುರಿಗೆ ಕವಂದಿ ಬಿದ್ದಿತ್ತು, ನಾಲ್ಕೂ ಮೂಲೆ ಬೆತ್ತಲೆ. ತೊಟ್ಟಿಲಲ್ಲಿ ಮಗು ಕೈಕಾಲು ಆಡಿಸುತ್ತಿತ್ತು. ನಾಳೆ ಬೀಗಿತಿ, ಲೊರೆತ್ತಾಳ ಅತ್ತೆ, ಬಂದು ಮೂಲೆ ಎತ್ತಿ ಕೇಳುವುದು ಅವಳ ಕಿವಿಗೆ ಈಗಲೇ ಬಿತ್ತು. ಇನಾಸನ ಮದುವೆಯಲ್ಲಿ ಅದೇ ಮಾತನ್ನು ಮೊನಿಕಾ ಕೇಳಿಸಿಕೊಂಡಿದ್ದಳು. ಅಪೊಲಿನ್‌ಬಾಯಿಗೆ ಹೆದರಿಕೆಯಾಯಿತು. ತನಗಾಗಿ ಅಲ್ಲ, ತಲೆ ತಗ್ಗಿಸಿ ನಿಲ್ಲಬೇಕಾದ ಲೊರೆತ್ತಾಳಿಗಾಗಿ.

ಪೆಟ್ಟಿಗೆಯ ತಳದಲ್ಲಿ ಒಂದೇ ಒಂದು ಫೂಲಾ ಉಳಿದಿತ್ತು. ಹಸಿರು, ಹಳದಿ, ಕೆಂಪು. ಇನಾಸನ ಮದುವೆಯದು. ಎಸೆಯಲೂ ಮನಸ್ಸಿಲ್ಲದೆ, ಬೇರೆಯವರಿಗೆ ಹಾಕಲೂ ಮನಸ್ಸಿಲ್ಲದೆ ಹಾಗೇ ಇಟ್ಟಿದ್ದಳು. ಅದನ್ನೂ ಕುಂಟ ಕವಂದಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು, ಹಟ್ಟಿಯ ಹಿಂದಿನಿಂದ ಸುತ್ತಿ ಹೋದರೆ ಯಾರಿಗೂ ಕಾಣುವುದಿಲ್ಲ ಎಂದು ಆ ದಾರಿ ಹಿಡಿದಳು. ಕೇರಿಯ ಹೆಂಗಸರೆಲ್ಲ ಅಂದು ಹಟ್ಟಿಯ ಹಿಂದೆಯೇ ಸೌದೆ ಒಡೆಯುತ್ತಿದ್ದರು.

ಮೊನಿಕಾ ಜಗಲಿಯಲ್ಲಿ ಮೊಮ್ಮಗನನ್ನು ಮಲಗಿಸಿ ಕೂತಿದ್ದಳು.

“ಮೋನಕ್ಕಾ, ಇನಾಸನ ಕವಂದಿ ತಾ. ಅದರ ನಾಕನೇದು ತಂದೀನಿ. ಆ ನಾಯಿ... ಆ ಇನ್ನೊಂದು ತಗದು ಇದನ್ನ ಹಾಕ್ತೀನಿ.”

“ಸಾವಕಾಶ ಮಾತಾಡು, ಹುಡುಗ ಎದ್ದಾನು.” ಮೊನಿಕಾ ಕಣ್ಣಿನಿಂದ ತೋರಿಸಿದಳು. ಹುಡುಗ ಅದೇ ಮದುವೆಯ ಕವಂದಿ ಹೊದ್ದು ಮಲಗಿದ್ದ. ಅವನ ಮುಷ್ಟಿಯಲ್ಲಿ ಆ ಜೋತುಬಿದ್ದ ಸೊಟ್ಟ ಫೂಲಾ ಇತ್ತು, ತುದಿ ಬಾಯಿಯಲ್ಲಿತ್ತು. “ಅದು ಕೈಯಾಗ ಇಲ್ಲಂದ್ರ ಇಂವ ಮಲಗಾಂಗಿಲ್ಲ. ನಿನ್ನ ಮೂರೂ ಅದಾವ, ನೋಡು, ಗಟ್ಟಿ. ಹಿಡಿಯಾಕ ಬರಾಂಗಿಲ್ಲ ಅವ. ಅದನ್ನ ಮುಟ್ಟಬ್ಯಾಡ.”

ಅಪೊಲಿನ್‌ಬಾಯಿ ನೋಡಿದಳು. ಅವಳ ಮೂರು ಫೂಲಾಗಳು ಮದುವೆಯ ದಿನದ ಹಾಗೆಯೇ ಇದ್ದವು. ಯಾರೂ ಮುಟ್ಟದ ವಸ್ತು ಹಾಳಾಗುವುದಾದರೂ ಹೇಗೆ?

ಅವಳು ಕಂಕುಳಿನ ಕವಂದಿಯನ್ನು ಜಗಲಿಯ ಮೇಲೆ ಬಿಡಿಸಿದಳು. ಮೊನಿಕಾ ಅದರ ಸುತ್ತ ಕಣ್ಣು ಹಾಯಿಸಿದಳು. ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿದ್ದು ಸ್ಪಷ್ಟವಾಗಿ ಕಂಡಿತು.

“ಅಂದ್ಬಿಡಕ್ಕಾ,” ಎಂದಳು ಅಪೊಲಿನ್‌ಬಾಯಿ. “ಎಮ್ಮಿ ಅನ್ನು.”

“ಎಮ್ಮಿ ಪಾಪ, ಏನ ಮಾಡೇತಿ.” ಮೊನಿಕಾ ಅವಳ ಹೆಬ್ಬೆರಳನ್ನು ನೋಡಿ ಕೈ ಹಿಡಿದೆಳೆದಳು. “ಇದಕ್ಕ ಅರಿಷಿಣ ಕಟ್ಟಬೇಕಿತ್ತು. ಕುಂದರು. ಆದ್ರ ನಾ ಹಾಕಿದ್ರ ಸೊಟ್ಟನ ಆಗ್ತೈತಿ, ಈಗ ಹೇಳೀನಿ.”

“ಸೊಟ್ಟನ ಹಾಕು. ಕೂಸು ಬೆತ್ತಲಿ ಹೋಗಬಾರ್ದು ಅಕ್ಕಾ. ತಪ್ಪು ನಂದು, ಅದರದಲ್ಲ.”

ಇಷ್ಟು ಹೇಳಲು ಅಪೊಲಿನ್‌ಬಾಯಿಗೆ ಹೆಬ್ಬೆರಳಿಗಿಂತ ಹೆಚ್ಚು ನೋವಾಯಿತು. ಮೊನಿಕಾ ಪೆಟ್ಟಿಗೆಯಿಂದ ಬಟ್ಟೆ ತಂದು ಮೂರು ಫೂಲಾ ಹಾಕಿದಳು. ಮೂರೂ ಸೊಟ್ಟ, ಮೂರೂ ಜೋಲು. ನಾಲ್ಕನೆಯ ಮೂಲೆಗೆ ಬಂದಾಗ ಸೂಜಿ ನಿಲ್ಲಿಸಿ ಅಪೊಲಿನ್‌ಬಾಯಿಯ ಮುಖ ನೋಡಿದಳು. ಮೊನಿಕಾ ಕೈ ಚಾಚಿ, “ಅದನ್ನ ಕೊಡ,” ಎಂದು ಮದುವೆಯ ಫೂಲಾವನ್ನು ಇಸಿದುಕೊಂಡು ಅಲ್ಲಿ ಹೊಲಿದಳು.

ಮರುದಿನ ಇಗರ್ಜಿಯ ಅಂಗಳದಲ್ಲಿ ಬೀಗಿತಿ ಮೂಲೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. “ಮೂರು ಒಂದ ತರ, ಒಂದು ಒಂದ ತರ. ಇದ್ಯಾಕ?”

ಎಲ್ಲರೂ ಅಪೊಲಿನ್‌ಬಾಯಿಯ ಮುಖ ನೋಡಿದರು. ಮೂಲೆ ಯಾರದೇ ಇರಲಿ, ತನ್ನದೆನ್ನುವುದು ಅವಳಿಗೆ ಹುಟ್ಟುಗುಣ.

“ಮೂಲಿ ನೋಡಬ್ಯಾಡ್ರಿ ಬೀಗ್ತಿ,” ಎಂದಳು. “ಮೂಲಿ ಯಾರರ ಹಾಕ್ತಾರ. ಮೂರು ನಮ್ಮ ಮೋನಕ್ಕಂದು. ನೀವು ಹೊಟ್ಟಿ ನೋಡ್ರಿ! ಹೊಟ್ಟಿ ನಂದು.”

ಕೇರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಧ್ಯಾಹ್ನದ ಊಟದಲ್ಲಿ ಕೋಳಿಯ ತೊಡೆ ಮೊನಿಕಾಳ ತಾಟಿಗೆ ಬಿತ್ತು. ಕುತ್ತಿಗೆಯನ್ನು ಅಪೊಲಿನ್‌ಬಾಯಿ ತಾನೇ ಹಾಕಿಕೊಂಡಳು, ಎಲ್ಲರಿಗೂ ಕಾಣುವ ಹಾಗೆ.

ನಾತಾಳಕ್ಕೆ ಲೊರೆತ್ತಾ ಮಗುವನ್ನು ಕರೆದುಕೊಂಡು ಬಂದಳು. ಕವಂದಿಯೂ ಬಂತು. ಮೂರು ಸೊಟ್ಟ ಫೂಲಾಗಳು ಜೊಲ್ಲಿನಲ್ಲಿ ನೆಂದು, ಎಳೆ ಎದ್ದು, ಬಣ್ಣ ಬಿಟ್ಟಿದ್ದವು. ನಾಲ್ಕನೆಯದು ಪಳಪಳ ಹೊಳೆಯುತ್ತಿತ್ತು.

“ನೋಡಿದ್ರೇನ,” ಅಪೊಲಿನ್‌ಬಾಯಿ ಜಗಲಿಯಲ್ಲಿದ್ದವರಿಗೆಲ್ಲ ಎತ್ತಿ ತೋರಿಸಿದಳು. “ನಾಕರಾಗ ನಂದೊಂದ ಹೊಸದ ಉಳದೈತಿ. ಕೈ ಅಂದ್ರ ಹಿಂಗಿರಬೇಕು.”

ಹಾಗೆ ಹೇಳಿದವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಆ ಹೊಳೆಯುವ ಮೂಲೆಯನ್ನು ಅದರ ಮುಷ್ಟಿಗೆ ಕೊಟ್ಟಳು. ಮಗು ಅದನ್ನು ತಳ್ಳಿತು. ಮತ್ತೆ ಕೊಟ್ಟಳು. ಮಗು ಮುಖ ಹುಳ್ಳಗೆ ಮಾಡಿ, ಹೊರಳಿ, ಮೊನಿಕಾಳ ಮೂಲೆಯನ್ನು ಹುಡುಕಿ ಬಾಯಿಗೆ ಇಟ್ಟುಕೊಂಡಿತು.

ಅಪೊಲಿನ್‌ಬಾಯಿ ತನ್ನ ಮೂಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಸೊಂಟದ ಸಂಚಿಯಿಂದ ಸೂಜಿ ತೆಗೆದು ತನ್ನ ಫೂಲಾದ ಹೊಲಿಗೆಯನ್ನು ಎರಡು ಕಡೆ ಬಿಚ್ಚಿದಳು. ಅಲಗಿನ ಹಾಗೆ ನಿಂತಿದ್ದ ಎಸಳುಗಳನ್ನು ಉಗುರಿನಿಂದ ಹಿಂಜಿ, ಉಂಡೆ ಮಾಡಿ, ಸಡಿಲ ಬಿಟ್ಟಳು. ಹಸಿರು ಒಂದು ಕಡೆ, ಕೆಂಪು ಒಂದು ಕಡೆ ಜೋತುಬಿತ್ತು. ಮತ್ತೊಮ್ಮೆ ಮಗುವಿನ ಕೈಗೆ ಕೊಟ್ಟಳು. ಮಗು ಹಿಡಿಯಿತು, ಎಳೆಯಿತು, ಬಾಯಿಗೆ ಹಾಕಿ ಚೀಪತೊಡಗಿತು.

“ಅದೂ ನಾಯಿ ಕಿವಿ ಆತಲ್ಲ ಅಪೊಲಿನ್,” ಎಂದಳು ಮೊನಿಕಾ, ಅದರ ಜೋತ ತುದಿಯನ್ನು ಜಗ್ಗಿ ನೋಡುತ್ತ.

“ಆಗ್ಲಿ ಬಿಡಕ್ಕಾ,” ಎಂದಳು ಅವಳು, ಮಗುವಿನ ಬಾಯಿಯಿಂದ ಕಣ್ಣು ತೆಗೆಯದೆ. “ಜಗ್ಗಬ್ಯಾಡ, ಕೂಸು ತೊಡಿ ಮ್ಯಾಲ ಈಗ ಮಲಗಾಕತ್ತೇತಿ.”